ನೀರು ನಿಂತ ಹೊತ್ತು

ರೈಲು ಹಳಿಯ ಆಚೆ, ತರಕಾರಿ ತೋಟಗಳ ದೊಡ್ಡ ಗೇಟಿನ ಪಕ್ಕದಲ್ಲಿ ಒಂದು ಮರದ ಬೆಂಚಿದೆ. ವಸಂತದಲ್ಲಿ ಹಿಮ ಕರಗಿ ನೆಲ ಕಾಣಿಸಿಕೊಂಡ ದಿನದಿಂದ ಮತ್ತೆ ಹಿಮ ಬಿದ್ದು ನೆಲ ಮುಚ್ಚುವವರೆಗೆ ಆ ಬೆಂಚು ಜೀನಾ ಅತ್ತೆ ಮತ್ತು ಕ್ಲಾವಾ ಅತ್ತೆಯರದು. ಅವರ ಕೈ ಸುಮ್ಮನಿರುವುದಿಲ್ಲ. ಸಬ್ಬಸಿಗೆಯ ಬೀಜ ಉದುರಿಸುತ್ತಲೋ, ಬೆಳ್ಳುಳ್ಳಿಯ ಜಡೆ ಹೆಣೆಯುತ್ತಲೋ ಇರುತ್ತಾರೆ. ಬಾಯಿಯಂತೂ ಕೈಗಿಂತ ಚುರುಕು. ತಮ್ಮ ಪಾತಿಗೆ ಹೋಗುವವರು ಯಾರೇ ಆಗಲಿ, ಅಲ್ಲಿ ಸುಂಕ ಕಟ್ಟಿಯೇ ಮುಂದೆ ಹೋಗಬೇಕು. ಸುಂಕವೆಂದರೆ ಸುದ್ದಿ.

ಉಲ್ಯಾನಾಳ ಬಳಿ ಕೊಡಲು ಸುದ್ದಿಯೇ ಇರಲಿಲ್ಲ. ಪಟ್ಟಣದಲ್ಲಿ ಓದು ಮುಗಿಸಿ ಬೇಸಿಗೆಯ ಶುರುವಿಗೆ ಊರಿಗೆ ಬಂದವಳು ಸೆಪ್ಟೆಂಬರ್ ಬಂದರೂ ಅಮ್ಮ ನೀನಾಳ ಮನೆಯಲ್ಲೇ ಇದ್ದಳು. ಕೆಲಸಕ್ಕೆ ಕೇಳಿದ ಕಡೆಯಿಂದ ಉತ್ತರ ಬಂದಿರಲಿಲ್ಲ. ಬಂದಿದ್ದರೂ ಅದನ್ನು ನಾಲ್ಕು ಜನರ ಮುಂದೆ ಹೇಳುವ ಜಾಯಮಾನ ಅವಳದಲ್ಲ. ಅಂಗಡಿಯಲ್ಲಿ ಬ್ರೆಡ್ಡು ಕೇಳುವುದಕ್ಕೂ ಮನಸ್ಸಿನಲ್ಲಿ ಒಮ್ಮೆ ಹೇಳಿಕೊಂಡು, ಆಮೇಲೆ ಬಾಯಿ ತೆರೆಯುವವಳು.

ಅಂಥವಳಿಗೆ ಎದುರುಮನೆಯ ಅವ್ಗುಸ್ತಾ ಅಜ್ಜಿ ತಮ್ಮ ಕೋಸಿನ ಪಾತಿಯನ್ನು ಒಪ್ಪಿಸಿ, ಕಣ್ಣಿನ ಪೊರೆ ತೆಗೆಸಿಕೊಳ್ಳಲು ದೊಡ್ಡಾಸ್ಪತ್ರೆಗೆ ಹೋದರು.

ಅಜ್ಜಿಯ ಮೇಲೆ ಉಲ್ಯಾನಾಳಿಗೆ ಬೇರೆ ಯಾರ ಮೇಲೂ ಇಲ್ಲದಷ್ಟು ಪ್ರೀತಿ. ಕಾರಣ ಸಣ್ಣದು: ಅಜ್ಜಿ ಏನನ್ನೂ ಕೇಳುತ್ತಿರಲಿಲ್ಲ. ಅವಳು ಹೋದರೆ ಚಹಾ ಬಗ್ಗಿಸಿಕೊಟ್ಟು, ಕರ್ರಂಟ್ ಹಣ್ಣಿನ ಜಾಮು ಮುಂದಿಟ್ಟು, ತಮ್ಮ ಪಾಡಿಗೆ ಅವರೆ ಸುಲಿಯುತ್ತಾ ಕೂರುತ್ತಿದ್ದರು. ಆ ಮೌನದಲ್ಲಿ ಉಲ್ಯಾನಾ ಎಷ್ಟೋ ಸಂಜೆ ಬೆಚ್ಚಗೆ ಕೂತಿದ್ದಳು.

ಅವರ ಕೋಸು ಊರಿಗೆಲ್ಲ ಗೊತ್ತು. ತಡವಾಗಿ ಬಲಿಯುವ ಜಾತಿ, ಕಲ್ಲಿನಂಥ ಬಿಳಿ ಗಡ್ಡೆ. ಮೊದಲ ಮಂಜು ಎರಡು ಸಲ ಕಚ್ಚುವವರೆಗೆ ಪಾತಿಯಲ್ಲೇ ನಿಲ್ಲಿಸಿ, ಆಮೇಲೆ ಹೆಚ್ಚಿ, ಉಪ್ಪು ತಿಕ್ಕಿ, ಓಕ್ ಮರದ ಪೀಪಾಯಿಗೆ ತುಂಬುತ್ತಿದ್ದರು. ಚಳಿಗಾಲವೆಲ್ಲ ಆ ಕಟ್ಟಡದಲ್ಲಿ ಅದೇ ಮೆಟ್ಟಿಲು ಹತ್ತುವ ಅಷ್ಟೂ ಮನೆಯವರು ಬೋಗುಣಿ ಹಿಡಿದು ಅವರ ಬಾಗಿಲು ತಟ್ಟುತ್ತಿದ್ದರು.

"ನೋಡಿಲ್ಲಿ," ಎಂದು ಹೋಗುವ ಮುಂಚಿನ ದಿನ ಅಜ್ಜಿ ಪಾತಿಯಲ್ಲಿ ಬಗ್ಗಿ, ಒಂದು ಕೋಸನ್ನು ಮಗುವಿನ ತಲೆ ಹಿಡಿಯುವ ಹಾಗೆ ಎರಡು ಕೈಯಲ್ಲಿ ಹಿಡಿದರು. "ಈಗ ಇದರ ಹೊಟ್ಟೆ ತುಂಬಿದೆ. ಒಣಗೋಕೂ ಬಿಡಬಾರ್ದು, ಒಂದೇ ಸಲ ಕುಡಿಸಲೂಬಾರ್ದು. ದಿನಾ ಸಂಜೆ ಬುಡಕ್ಕೆ ಒಂದೊಂದು ಮಗ್ಗು ನೀರು ಸಾಕು. ಜೋರು ಮಳೆ ಬರೋ ಹಾಗಿದ್ರೆ ಹಿಂಗೆ ಹಿಡ್ಕೊಂಡು ಅರ್ಧ ಸುತ್ತು ತಿರುಗ್ಸಿಬಿಡು."

ತಿರುಗಿಸಿದರು. ಮಣ್ಣಿನೊಳಗೆ ಚರಚರನೆ ಸಣ್ಣ ಬೇರುಗಳು ಹರಿದವು. ಉಲ್ಯಾನಾಳ ಹಲ್ಲು ಜುಮ್ಮೆಂದಿತು.

"ಅಯ್ಯೋ, ಅದಕ್ಕೆ ನೋವಾಗಲ್ವಾ ಅಜ್ಜಿ?"

"ಆಗ್ಲಿ ಬಿಡು. ಬೇರು ಹರಿದ್ರೆ ಕುಡಿಯೋದು ನಿಲ್ಸುತ್ತೆ. ಇಲ್ದಿದ್ರೆ ಕುಡಿದು ಕುಡಿದು ಹೊಟ್ಟೆ ಒಡ್ಕೊಳ್ಳುತ್ತೆ, ನನ್ನ ಗಂಡನ ಹಾಗೆ."

ಮೊದಲ ಸಂಜೆ ಉಲ್ಯಾನಾ ಮಗ್ಗು ಹಿಡಿದು ಹೊರಟಳು. ಗೇಟಿನ ಹತ್ತಿರ ತಲೆ ತಗ್ಗಿಸಿ ನಡೆದಳು.

"ಯಾರದು? ಓ, ನೀನಾಳ ಮಗಳಲ್ವಾ!" ಎಂದರು ಜೀನಾ ಅತ್ತೆ. "ಬಾ ಬಾ, ಮುಖ ತೋರ್ಸು. ಇಷ್ಟು ಸೊರಗಿದೀಯಲ್ಲೇ, ಪಟ್ಟಣದಲ್ಲಿ ಊಟ ಹಾಕ್ತಿರ್ಲಿಲ್ವಾ?"

"ಕೆಲ್ಸ ಸಿಕ್ತಾ?" ಕ್ಲಾವಾ ಅತ್ತೆ ಬೆಳ್ಳುಳ್ಳಿಯಿಂದ ತಲೆ ಎತ್ತದೆ ಕೇಳಿದರು.

"ಇನ್ನೂ ಇಲ್ಲ."

"ಹುಡುಗ?"

ಉಲ್ಯಾನಾ ಮಗ್ಗನ್ನು ಈ ಕೈಯಿಂದ ಆ ಕೈಗೆ ಬದಲಿಸಿದಳು.

"ಅದೂ ಇಲ್ಲ, ಇದೂ ಇಲ್ಲ. ಹಂಗಾದ್ರೆ ಇಷ್ಟು ವರ್ಷ ಅಲ್ಲಿ ಏನ್ಮಾಡ್ದೆ, ಗೋಡೆ ನೋಡ್ತಾ ಕೂತಿದ್ಯಾ?"

"ಬಿಡೇ ಕ್ಲಾವಾ, ಪಾಪ, ಕೆಂಪಾಗ್ಬಿಟ್ಲು. ಪಕ್ಕದಲ್ಲಿ ಬೀಟ್ರೂಟ್ ಇಟ್ರೆ ಯಾವುದು ಯಾವುದು ಅಂತ ಗೊತ್ತಾಗಲ್ಲ."

ಇಬ್ಬರೂ ನಕ್ಕರು. ಕೆಟ್ಟ ನಗುವಲ್ಲ, ಗೇಟು ದಾಟುವ ಎಲ್ಲರನ್ನೂ ನೋಡಿ ನಗುವ ನಗು. ಆದರೆ ಆ ನಗು ಉಲ್ಯಾನಾಳ ಬೆನ್ನಿಗೆ ಅಂಟಿಕೊಂಡು ಪಾತಿಯವರೆಗೆ ಬಂತು, ಮನೆಯವರೆಗೆ ಬಂತು, ಹಾಸಿಗೆಗೂ ಬಂತು. ಮರುದಿನ ಸಂಜೆ ಬೂಟು ಹಾಕಿಕೊಂಡವಳು ಬಾಗಿಲಲ್ಲೇ ನಿಂತು, 'ನಾಳೆ ಹೋದರಾಯಿತು' ಎಂದು ಬೂಟು ಬಿಚ್ಚಿದಳು. ಅದರ ಮರುದಿನ ಮೋಡವಿತ್ತು. ಮಳೆ ಬರಬಹುದು ಎಂದುಕೊಂಡಳು. ಬರಲಿಲ್ಲ. ಅದರ ಮರುದಿನ ಯಾವ ನೆಪವೂ ಹೊಳೆಯಲಿಲ್ಲ. ಸುಮ್ಮನೆ ಹೋಗಲಿಲ್ಲ.

ಉರಾಲ್ ಬೆಟ್ಟಗಳ ಈ ಕಡೆ ಸೆಪ್ಟೆಂಬರನ್ನು ನಂಬುವ ಹಾಗಿಲ್ಲ. ಆ ವರ್ಷ 'ಹೆಂಗಸರ ಬೇಸಿಗೆ' ಎಂದು ಕರೆಯುವ ಕೊನೆಯ ಬಿಸಿಲು ತುಂಬ ದಿನ ನಿಂತಿತು. ಜನ ಆಲೂಗಡ್ಡೆ ಅಗೆದು ಒಣಗಿಸಿಕೊಂಡರು. ಬಲಿಯದ ಟೊಮೆಟೊ ಕಿತ್ತು, ಹಣ್ಣಾಗಲೆಂದು ಹಳೆಯ ಉಣ್ಣೆ ಬೂಟುಗಳೊಳಗೆ ತುಂಬಿಟ್ಟರು. ಅಮ್ಮನೂ ಉಲ್ಯಾನಾಳ ಬಾಲ್ಯದ ಬೂಟು ತುಂಬ ಟೊಮೆಟೊ ತುಂಬಿ ಮಂಚದ ಕೆಳಗೆ ತಳ್ಳಿದ್ದಳು. ಎಲ್ಲರೂ ಒಳ್ಳೆಯ ಬಿಸಿಲು ಎಂದು ಹಿಗ್ಗುತ್ತಿದ್ದರು. ಉಲ್ಯಾನಾ ಒಬ್ಬಳೇ ಕಿಟಕಿಯಲ್ಲಿ ನಿಂತು ಆಕಾಶವನ್ನು ಬೇಡುತ್ತಿದ್ದಳು.

ಒಂದು ಬೆಳಿಗ್ಗೆ ಬೇಕರಿಯ ರಾತ್ರಿ ಕೆಲಸ ಮುಗಿಸಿ ಬಂದ ಅಮ್ಮ ಕೋಟು ತೆಗೆಯುತ್ತಾ, "ಅಜ್ಜಿ ಫೋನ್ ಮಾಡಿದ್ರು, ನಾಡಿದ್ದು ಬರ್ತಾರಂತೆ. ಕೋಸು ಹೇಗಿದೆ ಅಂತ ಕೇಳಿದ್ರು. ಚೆನ್ನಾಗಿದೆ ಅಂದೆ. ಚೆನ್ನಾಗಿದೆ ತಾನೆ?" ಎಂದಳು.

"ಹೂಂ," ಎಂದಳು ಉಲ್ಯಾನಾ.

ಅಮ್ಮ ಮಲಗಿದ ಮೇಲೆ ಹೊರಟಳು. ಗೇಟಿನ ಕಡೆಗಲ್ಲ. ರೈಲು ಹಳಿಯ ಗುಂಟ ನಡೆದು, ಹಿಂಬದಿಯ ಬೇಲಿಯಲ್ಲಿ ಹಲಗೆ ಸಡಿಲವಾದ ಜಾಗದಲ್ಲಿ ನುಸುಳಿದಳು. ಮುಳ್ಳುಗಿಡಕ್ಕೆ ತೋಳು ಸಿಕ್ಕಿ ಹರಿಯಿತು. ಕಳ್ಳಿಯ ಹಾಗೆ ಬಗ್ಗಿ ಪಾತಿ ಸೇರಿದಳು.

ಕೋಸಿನ ಎಲೆಗಳು ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿದ್ದವು. ಮಣ್ಣು ಬಿರಿದು ಬೆರಳು ಹೋಗುವಷ್ಟು ಬಾಯಿ ಬಿಟ್ಟಿತ್ತು. ನಾಡಿದ್ದು ಅಜ್ಜಿ ಹೊಸ ಕಣ್ಣಿನಿಂದ ಮೊದಲು ನೋಡುವುದು ಇದನ್ನೇ. 'ಒಂದೇ ಸಲ ಕುಡಿಸಬಾರ್ದು' ಎಂದದ್ದು ಮರೆತಿರಲಿಲ್ಲ, ಕಿವಿಯಲ್ಲೇ ಇತ್ತು. ಆದರೆ ಎಲೆ ನಿಲ್ಲಬೇಕು, ಇವತ್ತೇ ನಿಲ್ಲಬೇಕು. ನಲ್ಲಿ ತಿರುಗಿಸಿ ಪೈಪನ್ನು ಕಾಲುವೆಗೆ ಹಾಕಿದಳು. ಮಣ್ಣು ಗುಟುಕು ಗುಟುಕಾಗಿ ಕುಡಿಯಿತು. ಇನ್ನೊಂದು ಸಾಲಿಗೆ, ಮತ್ತೊಂದು ಸಾಲಿಗೆ. ಮಧ್ಯಾಹ್ನ ಜಾರಿ ಸಂಜೆಯಾಯಿತು. ಪಾತಿಯೆಲ್ಲ ಕೆಸರಾಯಿತು. ಎಲೆಗಳು ಮೆಲ್ಲಗೆ ಎದ್ದು ನಿಂತವು. ಅವಳಿಗೆ ಕಣ್ಣು ತುಂಬಿ ಬರುವಷ್ಟು ಖುಷಿಯಾಯಿತು.

ಇನ್ನು ತಿರುಗಿಸಿಬಿಡಬೇಕಿತ್ತು. ಒಂದು ಕೋಸನ್ನು ಎರಡೂ ಕೈಯಲ್ಲಿ ಹಿಡಿದಳು ಕೂಡ. ಆ ಚರಚರ ಸದ್ದು ನೆನಪಾಗಿ ಕೈ ಬಿಟ್ಟಳು. ಈಗ ತಾನೆ ಜೀವ ಬಂದಿದೆ, ಈಗಲೇ ಬೇರು ಹರಿಯುವುದೇ?

ಅಷ್ಟರಲ್ಲಿ ದಾರಿಯಲ್ಲಿ ಹೆಜ್ಜೆ ಸದ್ದಾಯಿತು. ಉಲ್ಯಾನಾ ಕರ್ರಂಟ್ ಗಿಡದ ಹಿಂದೆ ಕುಕ್ಕರುಗಾಲಿನಲ್ಲಿ ಕೂತಳು.

ಬಂದವರು ಫಾನಿಸ್ ತಾತ. ಈ ತೋಟಗಳ ನೀರಗಂಟಿ. ಹಿಂದೆ ಕಾರ್ಖಾನೆಯಲ್ಲಿ ಬಾಯ್ಲರು ನೋಡಿಕೊಳ್ಳುತ್ತಿದ್ದವರು. ಈಗ ಬೆಳಿಗ್ಗೆ ದೊಡ್ಡ ವಾಲ್ವು ತೆರೆದು, ಸಂಜೆ ಆರಕ್ಕೆ ಮುಚ್ಚುವುದು ಅವರ ಕೆಲಸ. ಉದ್ದನೆಯ ಕಬ್ಬಿಣದ ಚಾವಿ ಸದಾ ಹೆಗಲ ಮೇಲೆ. ವಾಲ್ವಿನ ಗುಂಡಿಯ ಮುಚ್ಚಳದ ಮೇಲೆ ಯಾರದೋ ಹಳದಿ ಬೆಕ್ಕು ಮಲಗಿತ್ತು. "ಏಳೋ ಸೋಮಾರಿ, ನಿನ್ನಪ್ಪ ಕಟ್ಸಿದ ಮಂಚನಾ ಇದು?" ಎಂದು ಬೈದು, ಮುಚ್ಚಳ ತೆಗೆದು, ಚಾವಿ ಇಳಿಸಿ, ಕಾಲು ಊರಿ ತಿರುಗಿಸಿದರು. ಉಲ್ಯಾನಾಳ ಕಾಲ ಬಳಿ ಪೈಪು ಒಮ್ಮೆ ಬಿಕ್ಕಿತು. ನೀರು ನಿಂತಿತು. ತಾತ ಟೋಪಿ ತೆಗೆದು ಹಣೆ ಒರೆಸಿಕೊಂಡು ಹೊರಟುಹೋದರು.

ಮರುದಿನ ಬೆಳಿಗ್ಗೆ ನೋಡಲು ಬಂದಳು, ಅದೇ ಬೇಲಿಯ ಸಂದಿಯಿಂದ. ದೂರದಿಂದಲೇ ಸದ್ದು ಕೇಳಿತು. ಬಿಗಿಯಾಗಿ ಹೊಲಿದ ಬಟ್ಟೆ ಹರಿಯುವಂಥ ಸದ್ದು. ಅವಳ ಕಣ್ಣೆದುರೇ ಒಂದು ಕೋಸು ನೆತ್ತಿಯಿಂದ ಕುತ್ತಿಗೆಯವರೆಗೆ ಸೀಳಿತು. ಮಿಕ್ಕವು ಆಗಲೇ ಸೀಳಿದ್ದವು. ಒಳಗಿನ ಬಿಳಿ ಪದರಗಳು ಹೊರಕ್ಕೆ ಉಬ್ಬಿ, ಸಾಲು ಸಾಲಾಗಿ ಬಾಯಿ ತೆರೆದು ಅವಳನ್ನೇ ನೋಡುತ್ತಿದ್ದವು. ಅಜ್ಜಿ ತಿರುಗಿಸಿ ತೋರಿಸಿದ್ದ ಒಂದೇ ಒಂದು ಕೋಸು ಇಡಿಯಾಗಿ ಉಳಿದಿತ್ತು.

ಅವಳು ಓಡಿದಳು.

ಅಜ್ಜಿ ಬಂದದ್ದು ಒಂದು ಕಣ್ಣಿಗೆ ಬಿಳಿ ಬಟ್ಟೆ ಕಟ್ಟಿಕೊಂಡು. ಮನೆಗೂ ಹೋಗದೆ ನೇರ ತೋಟಕ್ಕೆ ಹೋಗಬೇಕೆಂದರು. ಅಮ್ಮ ಒಂದು ಕೈ ಹಿಡಿದಳು, ಇನ್ನೊಂದನ್ನು ಉಲ್ಯಾನಾ ಹಿಡಿಯಬೇಕಾಯಿತು. ಗೇಟಿನಿಂದ ಜೀನಾ ಅತ್ತೆ, ಕ್ಲಾವಾ ಅತ್ತೆ ಇಬ್ಬರೂ ಹಿಂದೆಯೇ ಬಂದರು.

ಪಾತಿಯ ಮುಂದೆ ಅಜ್ಜಿ ಬಗ್ಗಿ ಮಣ್ಣು ಮುಟ್ಟಿದರು. "ಒದ್ದೆ," ಎಂದರು. "ಮಳೆ ಬಂದಿತ್ತಾ?"

"ಎಲ್ಲಿ ಮಳೆ!" ಎಂದರು ಜೀನಾ ಅತ್ತೆ. "ಒಂದು ಹನಿ ಇಲ್ಲ. ನಿನ್ನ ನಲ್ಲಿ ಹಳೇದು ಅವ್ಗುಸ್ತಾ, ಮುಚ್ಚಿದ್ರೂ ಜಿನುಗುತ್ತೆ. ನಿನ್ನೆ ಬೆಳಿಗ್ಗೆ ನೋಡಿದಾಗ್ಲೇ ಹಿಂಗಿತ್ತು, ಶುಕ್ರವಾರ ಇಡೀ ರಾತ್ರಿ ದೊಡ್ಡ ವಾಲ್ವು ತೆರೆದೇ ಇತ್ತು ಅನ್ಸುತ್ತೆ. ಇನ್ನೇನು?"

"ಈ ಹುಡುಗಿ ನೀರು ಜಾಸ್ತಿ ಹಾಕಿರ್ಬೇಕು..." ಅಮ್ಮ ಶುರುಮಾಡಿದಳು.

"ಇವಳಾ?" ಕ್ಲಾವಾ ಅತ್ತೆ ಕೈ ಬೀಸಿದರು. "ಒಂದು ದಿನ ಬಂದ್ಲು ಅಷ್ಟೇ, ಆಮೇಲೆ ಈ ಕಡೆ ತಲೆ ಹಾಕಿಲ್ಲ. ನಾವು ಗೇಟಲ್ಲೇ ಇರ್ತೀವಲ್ಲ, ನಮ್ಮ ಕಣ್ಣು ತಪ್ಪಿಸಿ ನೊಣ ಕೂಡ ಒಳಗೆ ಹೋಗಲ್ಲ. ಸೋಮಾರಿ ಹುಡುಗಿ ಅಂತ ಬೇಕಾದ್ರೆ ಬೈಯಿ, ಆದ್ರೆ ಇದು ಅವಳ ಕೆಲ್ಸ ಅಲ್ಲ."

ಅಮ್ಮ ತಿರುಗಿ ನೋಡಿದಳು. "ಬರ್ಲೇ ಇಲ್ವಾ ನೀನು? ಚೆನ್ನಾಗಿದೆ ಅಂದ್ಯಲ್ಲ!"

ಉಲ್ಯಾನಾ ತಲೆ ತಗ್ಗಿಸಿದಳು. ಸಣ್ಣ ತಪ್ಪಿನ ಬೈಗುಳ ಬಿತ್ತು. ಅದರ ಹಿಂದೆ ದೊಡ್ಡ ತಪ್ಪು ಅಡಗಿ ಕೂತಿತು, ಕರ್ರಂಟ್ ಗಿಡದ ಹಿಂದೆ ಅವಳು ಕೂತ ಹಾಗೆ. ಅವಳಿಗೆ ಒಂದು ಗಳಿಗೆ ಹಾಯೆನಿಸಿತು ಕೂಡ. ಆಮೇಲೆ ಎಷ್ಟು ನಾಚಿಕೆಯಾದರೂ ಆ ಗಳಿಗೆಯ ಹಾಯಿಯಿಂದಾದಷ್ಟು ನಾಚಿಕೆ ಬೇರೆ ಯಾವುದರಿಂದಲೂ ಆಗಲಿಲ್ಲ.

ಚಾವಿ ಹೊತ್ತು ಅತ್ತ ಬಂದ ಫಾನಿಸ್ ತಾತನನ್ನು ಜೀನಾ ಅತ್ತೆ ತಡೆದು ನಿಲ್ಲಿಸಿದರು. "ಫಾನಿಸಣ್ಣ, ಶುಕ್ರವಾರ ಸಂಜೆ ವಾಲ್ವು ಮುಚ್ಚಿದ್ಯಾ?"

"ಮುಚ್ದೆ."

"ನಿಜವಾಗ್ಲೂ? ನೋಡಿಲ್ಲಿ, ಅವ್ಗುಸ್ತಾಳ ಕೋಸು."

ತಾತ ಕೋಸುಗಳನ್ನು ನೋಡಿದರು. ಒದ್ದೆ ಮಣ್ಣನ್ನು ನೋಡಿದರು. "ಮುಚ್ದೆ... ಮುಚ್ದೆ ಅನ್ಸುತ್ತೆ," ಎಂದರು.

ಆ 'ಅನ್ಸುತ್ತೆ' ಕೇಳಿ ಎಲ್ಲರಿಗೂ ತಾತನ ಅಣ್ಣನ ನೆನಪಾಯಿತು. ಕೊನೆಕೊನೆಗೆ ಅವರು ಸ್ವಂತ ಹೆಂಡತಿಯನ್ನು 'ಯಾರಮ್ಮ ನೀನು' ಎಂದು ಕೇಳುತ್ತಿದ್ದದ್ದು ಊರಿಗೆಲ್ಲ ಗೊತ್ತಿತ್ತು.

"ವಯಸ್ಸಾಯ್ತಲ್ಲಣ್ಣ," ಎಂದರು ಜೀನಾ ಅತ್ತೆ, ದನಿ ಮೆತ್ತಗೆ ಮಾಡಿ. ಬೈಗುಳಕ್ಕಿಂತ ಆ ಮೆತ್ತಗಿನ ದನಿ ಕೆಟ್ಟದಾಗಿತ್ತು. "ಚಾವಿ ನನ್ನ ಅಳಿಯನಿಗೆ ಕೊಟ್ಬಿಡು. ನೀನು ಆರಾಮಾಗಿರು."

"ಕೋಸು ಹೆಚ್ಚೋ ದಿನ ತಂದು ಕೊಡ್ತೀನಿ," ಎಂದು ತಾತ ತಲೆಯಾಡಿಸಿದರು.

ಒಡೆದ ಕೋಸು ನಿಲ್ಲುವುದಿಲ್ಲ. ಮಂಜು ಕಚ್ಚುವವರೆಗೆ ಕಾಯುವಂತಿಲ್ಲ, ಬರುವ ಭಾನುವಾರವೇ ಹೆಚ್ಚಿ ಉಪ್ಪು ಹಾಕುವುದೆಂದು ಅಜ್ಜಿ ಹೇಳಿದರು. ಬೇಗ ಹಾಕಿದ ಕೋಸು ಚಳಿಗಾಲದ ನಡುವೆಯೇ ಮೆತ್ತಗಾಗುತ್ತದೆಂದು ಅಲ್ಲಿದ್ದವರಿಗೆಲ್ಲ ಗೊತ್ತು.

ಅಲ್ಲಿಂದ ಭಾನುವಾರದವರೆಗೆ ಉಲ್ಯಾನಾ ದಿನಾ ಸಂಜೆ ಬೇಲಿಯ ಸಂದಿಯಲ್ಲಿ ನಿಂತು ನೋಡಿದಳು. ತಾತ ವಾಲ್ವು ಮುಚ್ಚಿ ನಾಲ್ಕು ಹೆಜ್ಜೆ ಹೋಗುವರು. ನಿಲ್ಲುವರು. ತಿರುಗಿ ಬಂದು ಮುಚ್ಚಳ ತೆಗೆದು, ಚಾವಿ ಇಳಿಸಿ, ಗಟ್ಟಿಯಾಗಿದೆಯೇ ಎಂದು ನೋಡುವರು. ಮತ್ತೆ ಹೋಗುವರು. ತಿರುವಿನವರೆಗೆ ಹೋಗಿ ಮತ್ತೆ ಬರುವರು. ಒಮ್ಮೆ ಚಾವಿಗೆ ತಮ್ಮ ಕರವಸ್ತ್ರ ಕಟ್ಟಿದರು, ಮುಚ್ಚಿದ್ದಕ್ಕೆ ಗುರುತಾಗಿ ಇರಬೇಕು. ಸ್ವಲ್ಪ ದೂರ ಹೋದವರು ನಿಂತು ಆ ಕರವಸ್ತ್ರವನ್ನು ಬಹಳ ಹೊತ್ತು ನೋಡಿದರು; ಅದನ್ನು ಯಾಕೆ ಕಟ್ಟಿದ್ದೆಂಬುದೇ ಅನುಮಾನವಾದವರ ಹಾಗೆ.

ಕೋಸು ಹೋದರೆ ಹೋಯಿತು. ಆದರೆ ಈ ಮನುಷ್ಯ ತನ್ನ ತಲೆಯನ್ನೇ ನಂಬದ ಹಾಗಾದದ್ದು ನನ್ನಿಂದ. ಅವರು ವಾಲ್ವು ಮುಚ್ಚಿದ್ದನ್ನು ಕಂಡವಳು ಲೋಕದಲ್ಲಿ ನಾನೊಬ್ಬಳೇ. ನಾನು ಬಾಯಿ ಬಿಡದಿದ್ದರೆ ಅವರು ಆ ಸಂಜೆಯನ್ನು ಎಲ್ಲಿ ಹುಡುಕುತ್ತಾರೆ? ಹೀಗೆ ಯೋಚಿಸಿ ಯೋಚಿಸಿ ಶನಿವಾರ ಸಂಜೆ ಅವಳು ಸಂದಿಯಿಂದ ಹೊರಬಂದು ಅವರ ಮುಂದೆ ನಿಂತಳು. ದಾರಿಯುದ್ದಕ್ಕೂ ಹೇಳಿಕೊಂಡು ಬಂದ ಮಾತಿನಲ್ಲಿ ಅರ್ಧವೇ ಹೊರಗೆ ಬಂತು.

"ತಾತಾ, ಅದು... ತಪ್ಪು ನಿಮ್ಮದಲ್ಲ."

ತಾತ ಅವಳನ್ನು ದಿಟ್ಟಿಸಿದರು. ಆಮೇಲೆ ಮುಖದ ಸುಕ್ಕುಗಳೆಲ್ಲ ಸಡಿಲಾದವು. "ನೀನಾಳ ಮಗಳಲ್ವಾ? ಒಳ್ಳೇ ಮನಸ್ಸಮ್ಮ ನಿಂದು. ಮುದುಕನಿಗೆ ಬೇಜಾರಾಗ್ಬಾರ್ದು ಅಂತ ಹೇಳ್ತಿದೀಯ. ಎಲ್ರೂ ಹೇಳೋದು ಅದನ್ನೇ. ನಮ್ಮಣ್ಣನಿಗೂ ನಾವು ಹಂಗೇ ಹೇಳ್ತಿದ್ವಿ."

"ಹಂಗಲ್ಲ ತಾತಾ..."

"ತಗೋ," ಎಂದು ಜೇಬಿನಿಂದ ಎರಡು ಸಣ್ಣ ಹುಳಿ ಸೇಬು ತೆಗೆದು ಅವಳ ಕೈಗೆ ತುರುಕಿದರು. "ನಮ್ಮ ಗಿಡದ್ದು. ಮನೆಗೆ ಹೋಗು, ಚಳಿ."

ಸೇಬು ಹಿಡಿದು ಮನೆಗೆ ಬಂದಳು. ತಿನ್ನಲಾಗಲಿಲ್ಲ, ಎಸೆಯಲೂ ಆಗಲಿಲ್ಲ. ಮಂಚದ ಕೆಳಗಿನ ಬೂಟಿನೊಳಗೆ, ಟೊಮೆಟೊಗಳ ಮೇಲೆ ಇಟ್ಟಳು.

ಭಾನುವಾರ ಅಜ್ಜಿಯ ಪಾತಿಯ ಪಕ್ಕ ಉದ್ದನೆಯ ಹಲಗೆ ಹಾಕಿದ್ದರು. ಜೀನಾ ಅತ್ತೆ, ಕ್ಲಾವಾ ಅತ್ತೆ, ಅಮ್ಮ, ಇನ್ನೂ ನಾಲ್ಕಾರು ಹೆಂಗಸರು ತಮ್ಮ ತಮ್ಮ ಚಾಕು ಹಿಡಿದು ಎದುರುಬದುರು ನಿಂತಿದ್ದರು. ಬಿಸಿಲು ಹೋಗಿ ಗಾಳಿ ಹರಿತವಾಗಿತ್ತು. ಪೀಪಾಯಿಯ ಪಕ್ಕ ಅಜ್ಜಿ ಉಪ್ಪಿನ ಬೋಗುಣಿ ಹಿಡಿದು, ಬಟ್ಟೆ ಕಟ್ಟದ ಕಣ್ಣಿನಿಂದ ಎಲ್ಲವನ್ನೂ ನೋಡುತ್ತಾ ಕೂತಿದ್ದರು. ಉಲ್ಯಾನಾಳಿಗೆ ಕ್ಯಾರೆಟ್ ತುರಿಯುವ ಕೆಲಸ. ಕೈಯೆಲ್ಲ ಕಿತ್ತಳೆ ಬಣ್ಣ. ಅವಳು ಈ ಸಲ ಗೇಟಿನಿಂದಲೇ ಬಂದಿದ್ದಳು, ಬೆಂಚು ಖಾಲಿಯಿತ್ತು.

"ಏ ನೀನಾ, ತೆಳ್ಳಗೆ ಹೆಚ್ಚೇ, ಹಸುವಿಗೆ ಹಾಕೋದಲ್ಲ ಇದು!" ಎಂದರು ಕ್ಲಾವಾ ಅತ್ತೆ.

"ನಿನ್ನ ಚಾಕು ನೋಡ್ಕೋ ಮೊದ್ಲು, ಅದು ಹೆಚ್ಚಲ್ಲ, ಕೋಸಿಗೆ ಕಚಗುಳಿ ಇಡುತ್ತೆ."

ನಗು, ಚಾಕುಗಳ ಟಕಟಕ. ಅದರ ನಡುವೆ ಫಾನಿಸ್ ತಾತ ಬಂದರು. ಒಗೆದ ಅಂಗಿ ಹಾಕಿದ್ದರು. ಚಾವಿಯನ್ನು ಹೆಗಲ ಮೇಲಲ್ಲ, ಎರಡು ಕೈಯಲ್ಲಿ ಅಡ್ಡ ಹಿಡಿದಿದ್ದರು. ಎಣ್ಣೆ ಹಚ್ಚಿ ಉಜ್ಜಿದ್ದರಿಂದ ಅದು ಹೊಳೆಯುತ್ತಿತ್ತು.

"ಅಳಿಯ ಎಲ್ಲಿ?" ಎಂದು ಕೇಳಿದರು.

"ಬರ್ತಾನೆ, ನನ್ನ ಕೈಲಿ ಕೊಡಣ್ಣ," ಎಂದು ಜೀನಾ ಅತ್ತೆ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡು ಮುಂದೆ ಚಾಚಿದರು.

"ನೀರು ಹಾಕಿದ್ದು ನಾನು," ಎಂದಳು ಉಲ್ಯಾನಾ.

ಯಾರಿಗೂ ಕೇಳಿಸಲಿಲ್ಲ. ಟಕಟಕ ನಡೆದೇ ಇತ್ತು. ಹೇಳಿ ಆಯಿತಲ್ಲ ಎಂದು ಒಂದು ಮನಸ್ಸು ಹೇಳಿತು. ಚಾವಿ ಆ ಕೈಯಿಂದ ಈ ಕೈಗೆ ದಾಟುತ್ತಿತ್ತು.

"ನೀರು ಹಾಕಿದ್ದು ನಾನು!"

ದನಿ ಒಡೆದು ಕೀರಲಾಗಿ ಬಂತು. ಚಾಕುಗಳು ನಿಂತವು.

"ಏನಂದೆ?" ಎಂದರು ಕ್ಲಾವಾ ಅತ್ತೆ. "ಜೋರಾಗಿ ಹೇಳೇ, ಬಾಯಲ್ಲೇನು ಕ್ಯಾರೆಟ್ ಇಟ್ಕೊಂಡಿದೀಯಾ?"

"ಶುಕ್ರವಾರ ನಾನು ಬಂದಿದ್ದೆ. ಹಿಂದಿನ ಬೇಲಿಯಿಂದ. ಪೈಪು ಹಾಕಿ ಮಧ್ಯಾಹ್ನದಿಂದ ಸಂಜೆವರೆಗೂ ನೀರು ಬಿಟ್ಟೆ. ಮೊದಲ ದಿನ ಬಿಟ್ರೆ ಅಲ್ಲಿವರೆಗೆ ಒಂದು ದಿನಾನೂ ಹಾಕಿರ್ಲಿಲ್ಲ, ಅದಕ್ಕೆ." ಅವಳು ತಾತನ ಕಡೆಗೆ ಮಾತ್ರ ನೋಡಿದಳು. "ತಾತಾ, ನೀವು ವಾಲ್ವು ಮುಚ್ಚಿದ್ರಿ. ನಾನು ನೋಡ್ದೆ. ನನ್ನ ಪೈಪಲ್ಲಿ ನೀರು ನಿಂತ್ಹೋಯ್ತು. ನಾನು ಆ ಗಿಡದ ಹಿಂದೆ ಕೂತಿದ್ದೆ. ಮುಚ್ಚಳದ ಮೇಲೆ ಬೆಕ್ಕಿತ್ತು, ಹಳದಿ ಬೆಕ್ಕು. ನಿನ್ನಪ್ಪ ಕಟ್ಸಿದ ಮಂಚನಾ ಅಂತ ಬೈದ್ರಿ."

ತಾತನ ತುಟಿ ಅಲುಗಿತು. "ಬೆಕ್ಕು," ಎಂದರು. "ಹೌದು. ಬೆಕ್ಕು ಮಲಗಿತ್ತು. ಎಬ್ಬಿಸಿದೆ... ಎಬ್ಬಿಸಿದ ಮೇಲೆ ತಿರುಗ್ಸಿದೆ. ಟೋಪಿ..."

"ಟೋಪಿ ತೆಗೆದು ಹಣೆ ಒರೆಸ್ಕೊಂಡ್ರಿ."

"ಒರೆಸ್ಕೊಂಡೆ."

ಅವರ ಮುಖದಲ್ಲಿ ಬೆಳಕು ಬಂದದ್ದನ್ನು ಉಲ್ಯಾನಾ ನೋಡಿದಳು. ಅದು ಬಂದಷ್ಟೇ ಬೇಗ ಇನ್ನೊಂದಾಗಿ ಬದಲಾಯಿತು.

"ನಿನ್ನೆ ನನ್ನ ಮುಂದೆ ನಿಂತಿದ್ಯಲ್ಲ," ಎಂದರು ಮೆಲ್ಲಗೆ. "ನನ್ನ ಕೈಯಿಂದ ಸೇಬೂ ತಗೊಂಡೆ. ಕೋಸು ಒಡೆದದ್ದು ನೋಡಿದ ದಿನದಿಂದ ನಾನು ಒಲೆ ಹಚ್ಚಿಲ್ಲ ಕಣಮ್ಮ. ಹಚ್ಚಿ ಮರೆತುಬಿಟ್ರೆ ಅಂತ. ತಣ್ಣಗಿನ ಗಂಜಿ ತಿಂದ್ಕೊಂಡಿದೀನಿ. ಬಾಗ್ಲು ಹಾಕಿದ್ನಾ ಅಂತ ಎದ್ದು ಎದ್ದು ನೋಡ್ತಿದೀನಿ."

ಉಲ್ಯಾನಾಳಿಗೆ ಕ್ಷಮಿಸಿ ಎಂಬ ಮಾತು ಬಾಯಿಗೆ ಬಂತು. ಅದು ಎಷ್ಟು ಸಣ್ಣದಾಗಿತ್ತೆಂದರೆ ಹೊರಗೆ ತೆಗೆಯಲು ನಾಚಿಕೆಯಾಯಿತು. ಆದರೂ ತೆಗೆದಳು. ಜೀನಾ ಅತ್ತೆಯ ಚಾಚಿದ ಕೈ ಇನ್ನೂ ಹಾಗೇ ಇತ್ತು; ತಾತ ಅದನ್ನೊಮ್ಮೆ ನೋಡಿ, ಚಾವಿಯನ್ನು ಎತ್ತಿ ಹೆಗಲ ಮೇಲಿಟ್ಟುಕೊಂಡು ಹೊರಟರು.

"ಅಬ್ಬಾ!" ಎಂದರು ಕ್ಲಾವಾ ಅತ್ತೆ. "ನಮ್ಮ ಕಣ್ಣು ತಪ್ಪಿಸಿ! ಬೇಲಿ ಹಾರೋಷ್ಟು ಧೈರ್ಯ ಇದೆ, ಗೇಟಲ್ಲಿ ಬರೋಕಿಲ್ವಾ ನಿಂಗೆ? ನಾವೇನು ನಿನ್ನ ತಿಂದ್ಬಿಡ್ತೀವಾ?"

ಜೀನಾ ಅತ್ತೆ ಕೈಯನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡರು. "ಸುಮ್ನಿರು ಕ್ಲಾವಾ," ಎಂದರು. "ತಿಂದೇ ಇದೀವಿ." ಅವರ ಮುಖವೂ ಬೀಟ್ರೂಟಿನ ಬಣ್ಣಕ್ಕೆ ತಿರುಗಿತ್ತು. ವಯಸ್ಸಾಯ್ತಲ್ಲಣ್ಣ ಎಂದದ್ದು ಅವರೇ ತಾನೆ.

ಅಮ್ಮ ತಲೆ ಎತ್ತಲಿಲ್ಲ. ಕೋಸನ್ನು ಹೆಚ್ಚುತ್ತಲೇ ಇದ್ದಳು, ತೆಳ್ಳಗೆ, ತುಂಬ ತೆಳ್ಳಗೆ.

ಉಲ್ಯಾನಾ ಅಜ್ಜಿಯ ಮುಂದೆ ಹೋಗಿ ನಿಂತಳು. ಅಜ್ಜಿ ಉಪ್ಪಿನ ಬೋಗುಣಿಯನ್ನು ಮಡಿಲಿನಿಂದ ಇಳಿಸಿದರು.

"ಕೋಸು ಬರೋ ವರ್ಷ ಮತ್ತೆ ಬರುತ್ತೆ," ಎಂದರು. "ಎದುರುಮನೆ ನಂದು. ಬಂದು ಹೇಳ್ಬಹುದಿತ್ತು. ನಾನು ನಿನ್ನನ್ನ ಯಾವತ್ತಾದ್ರೂ ಏನಾದ್ರೂ ಕೇಳಿದೀನಾ?"

"ಇಲ್ಲ ಅಜ್ಜಿ."

"ಕೇಳ್ಬೇಕಿತ್ತು," ಎಂದರು ಅಜ್ಜಿ. "ಕ್ಯಾರೆಟ್ ಸಾಕು. ಚಾಕು ತಗೋ," ಎಂದು ಬೋಗುಣಿಯನ್ನು ಮತ್ತೆ ಮಡಿಲಿಗೆ ಎಳೆದುಕೊಂಡರು.

ಹೆಂಗಸರು ಹಲಗೆಯ ಬಳಿ ಒಬ್ಬರಿಗೊಬ್ಬರು ಒತ್ತಿ ಜಾಗ ಮಾಡಿದರು. ಯಾರೂ ನಗಲಿಲ್ಲ, ಯಾರೂ ಏನೂ ಕೇಳಲಿಲ್ಲ. ಯಾವ ಸುಂಕವೂ ಇಲ್ಲದ ಆ ಮೌನ ಅಜ್ಜಿಯ ಮನೆಯ ಮೌನದ ಹಾಗಿರಲಿಲ್ಲ. ಏನಾದರೂ ಬೈಯಲಿ, ಬೀಟ್ರೂಟ್ ಎನ್ನಲಿ ಎಂದು ಉಲ್ಯಾನಾ ಮೊದಲ ಸಲ ಆಸೆಪಟ್ಟಳು. ಅವಳ ಪಾಲಿಗೆ ಬಂದದ್ದು ಅಜ್ಜಿ ತಿರುಗಿಸಿದ್ದ ಆ ಇಡಿಯ ಕೋಸು. ಚಾಕು ಇಳಿಯದಷ್ಟು ಗಟ್ಟಿಯಾಗಿತ್ತು.

ಪೀಪಾಯಿ ತುಂಬಿ, ಮೇಲೆ ಕಲ್ಲು ಹೇರಿ, ಎಲ್ಲರೂ ಹೊರಡುವ ಹೊತ್ತಿಗೆ ಸಂಜೆಯಾಗಿತ್ತು. ಹಲಗೆ, ಚಾಕು ತೊಳೆಯಲು ಉಲ್ಯಾನಾ ಒಬ್ಬಳೇ ಉಳಿದಳು. ಪೈಪಿನ ನೀರು ಬೆರಳು ಮರಗಟ್ಟಿಸುತ್ತಿತ್ತು. ದಾರಿಯಲ್ಲಿ ಹೆಜ್ಜೆ ಸದ್ದಾಯಿತು. ಕರ್ರಂಟ್ ಗಿಡ ಪಕ್ಕದಲ್ಲೇ ಇತ್ತು. ಕಾಲು ತಾನಾಗಿ ಅತ್ತ ಸರಿಯಿತು. ಅವಳು ಅದನ್ನು ಹಿಂದಕ್ಕೆ ತೆಗೆದುಕೊಂಡು, ಪೈಪು ಹಿಡಿದು ಬಯಲಲ್ಲೇ ನಿಂತಳು.

ತಾತ ಮುಚ್ಚಳ ತೆಗೆದರು, ಚಾವಿ ಇಳಿಸಿದರು, ಕಾಲು ಊರಿ ತಿರುಗಿಸಿದರು. ಅವಳ ಕೈಯಲ್ಲಿ ಪೈಪು ಬಿಕ್ಕಿತು. ನೀರು ನಿಂತಿತು. ಅವರು ಟೋಪಿ ಸರಿಮಾಡಿಕೊಂಡು ಅವಳನ್ನು ಹಾದು ನಡೆದರು. ಅವಳ ಕಡೆ ನೋಡಲಿಲ್ಲ. ತಿರುವಿನವರೆಗೆ ಹೋದರು. ತಿರುವಿನಲ್ಲೂ ಅವರು ನಿಲ್ಲಲಿಲ್ಲ, ಹಿಂದಕ್ಕೆ ಬರಲಿಲ್ಲ.